ಮಣಿಪಾಲದ ಊಟದ ಮೇಜಿನ ಆಕಾಶ

ಮೊದಲೇ ಹೇಳಿಬಿಡುತ್ತೇನೆ: ಆ ಮನುಷ್ಯರನ್ನು ನಾನು ಒಂದು ದಿನವೂ ಗೌರವಿಸಲಿಲ್ಲ. ಎದುರಿಗೆ ಸಾರ್ ಎನ್ನುತ್ತಿದ್ದೆ, ಅದು ಬೇರೆ ಮಾತು. ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳಿಗೆ ಸಹಿ ಹಾಕಿ ನಿವೃತ್ತರಾಗಿ ಮಣಿಪಾಲದಲ್ಲಿ ಮನೆ ಮಾಡಿಕೊಂಡಿದ್ದವರು. ಸಹಿ ಹಾಕಲು ಇನ್ನೇನೂ ಉಳಿಯಲಿಲ್ಲವೆಂದು ವಿಮಾನಗಳನ್ನು ಹಿಡಿದುಕೊಂಡರು. ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಗೋವಾದಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯವರೆಗಿನ ಆಕಾಶವೆಲ್ಲ ತಮ್ಮ ಅಪ್ಪಣೆಯಲ್ಲಿದೆ ಎಂದು ಅವರು ನಂಬಿದ್ದರು. ಆ ಮೂರು ಗಂಟೆ ನಾವು ಅವರನ್ನು ಹೆಸರು ಹಿಡಿದಾಗಲಿ ಸಾರ್ ಎಂದಾಗಲಿ ಕರೆಯುವಂತಿರಲಿಲ್ಲ. ವಿಮಾನಗಳಿಗೆ ಅಪ್ಪಣೆ ಕೊಡುವ ಗೋಪುರದ ಹೆಸರಿನಲ್ಲಿ ಟವರ್ ಎನ್ನಬೇಕಿತ್ತು.

ವಿಮಾನ ಎಂದರೆ ಕಂಪ್ಯೂಟರಿನ ಆಟದ ವಿಮಾನ. ಎರಡು ಸಾವಿರದ ಮೂರು, ನಾಲ್ಕರ ಹೊತ್ತಿಗೆ ಅಂಥ ಆಟದ ಸಿ.ಡಿ.ಗಳು ಉಡುಪಿಯಲ್ಲೂ ಸಿಗುತ್ತಿದ್ದವು. ಹಾರಿಸುವವರು ಮೂವರು. ಕಾರ್ಕಳದ ಒಬ್ಬ ಬ್ಯಾಂಕಿನವರು, ಉಡುಪಿಯ ಒಬ್ಬ ಜವಳಿ ಅಂಗಡಿಯವರು, ಕಾಪುವಿನಲ್ಲಿ ನಾನು. ಫೋನಿನ ತಂತಿಯ ಇಂಟರ್ನೆಟ್ಟಿನಲ್ಲಿ ನಾಲ್ವರ ದನಿ ಮಾತ್ರ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು. ಚಿತ್ರ ಹೋಗುತ್ತಿರಲಿಲ್ಲ. ನನ್ನ ವಿಮಾನ ನನ್ನ ಪರದೆಯ ಆಕಾಶದಲ್ಲಿ, ಬ್ಯಾಂಕಿನವರದು ಅವರ ಪರದೆಯ ಆಕಾಶದಲ್ಲಿ. ಒಬ್ಬರ ವಿಮಾನ ಇನ್ನೊಬ್ಬರಿಗೆ ಎದುರಾಗುವುದು ಜನ್ಮದಲ್ಲಿ ಸಾಧ್ಯವಿರಲಿಲ್ಲ. ಮೂವರೂ ಸೇರುತ್ತಿದ್ದ ಆಕಾಶ ಇದ್ದದ್ದು ಒಂದೇ ಕಡೆ, ಟವರಿನ ಊಟದ ಮೇಜಿನ ಮೇಲೆ. ಅಲ್ಲಿ ಅವರು ಡ್ರಾಯಿಂಗ್ ಹಾಳೆಯಲ್ಲಿ ಕರಾವಳಿಯ ನಕ್ಷೆ ಬರೆದು, ಕೇರಂ ಕಾಯಿಗಳನ್ನು ವಿಮಾನವೆಂದು ಇಟ್ಟುಕೊಂಡಿದ್ದರು. ನಾವು ನಮ್ಮ ಜಾಗ ಹೇಳಿದಂತೆ ಕಾಯಿ ಸರಿಸುವುದು, ಆಮೇಲೆ ಏರಿ, ಇಳಿಯಿರಿ, ಕಾಯಿರಿ ಎಂದು ನಮಗೆ ಅಪ್ಪಣೆ ಕೊಡುವುದು. ಬ್ಯಾಂಕಿನವರದು ಬಿಳಿ ಕಾಯಿ, ಜವಳಿಯವರದು ಕಪ್ಪು. ನಾನು ಹೆಂಗಸು ಎಂಬ ಕಾರಣಕ್ಕೆ ನನಗೆ ಕೆಂಪು. ಅದನ್ನೊಂದು ದೊಡ್ಡ ಮರ್ಯಾದೆ ಎಂಬಂತೆ ಹೇಳಿದ್ದರು.

ನಾನು ಈ ಮಂಡಳಿಗೆ ಸೇರಿದ್ದು ನನ್ನ ಕೆಲಸದಿಂದ. ಉಡುಪಿಯ ಕಡಿಯಾಳಿಯ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದೆ. ಮದುವೆ ಕಾಗದ, ಉತ್ತರಕ್ರಿಯೆಯ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ. ಒಂದು ದಿನ ಇವರು ಹಾರಾಟದ ಇಪ್ಪತ್ತೊಂದು ನಿಯಮಗಳ ಒಂದು ಕೈಬರಹದ ಕಟ್ಟು ಹಿಡಿದುಕೊಂಡು ಬಂದರು. ಪುಸ್ತಕ ಮಾಡಬೇಕು, ಗಟ್ಟಿ ರಟ್ಟು ಹಾಕಬೇಕು. ಎಷ್ಟು ಪ್ರತಿ ಎಂದು ಕೇಳಿದರೆ ನಾಲ್ಕು!

"ನಾಲ್ಕಕ್ಕೆ ಪ್ರಿಂಟ್ ಎಂತಕ್ಕೆ ಸಾರ್, ಜೆರಾಕ್ಸ್ ಸಾಕಲ್ವಾ?" ಎಂದರು ನಮ್ಮ ಯಜಮಾನರು.

"ನಿಯಮ ಎಂದ ಮೇಲೆ ಅಚ್ಚಾಗಿರಬೇಕು," ಎಂದರು ಇವರು.

ಅಕ್ಷರ ಜೋಡಿಸುತ್ತಾ ಒಂಬತ್ತನೆಯ ನಿಯಮಕ್ಕೆ ಬಂದಾಗ ನನ್ನ ಕೈ ನಿಂತಿತು. ಎರಡು ವಿಮಾನಗಳು ಎದುರುಬದುರಾದರೆ ಉತ್ತರಕ್ಕೆ ಹೋಗುವುದು ಎಡಕ್ಕೆ, ದಕ್ಷಿಣಕ್ಕೆ ಹೋಗುವುದು ಬಲಕ್ಕೆ ತಿರುಗತಕ್ಕದ್ದು ಎಂದು ಬರೆದಿದ್ದರು. ಹಾಗೆ ಮಾಡಿದರೆ ಎರಡೂ ಪಡುವಣ ಕಡಲಿಗೇ ತಿರುಗಿ, ತಪ್ಪಬೇಕಾದ ಡಿಕ್ಕಿ ಸಲೀಸಾಗಿ ಆಗುತ್ತದೆ. ಕರಡು ತಿದ್ದಲು ಬಂದಾಗ ಅದನ್ನು ತೋರಿಸಿದೆ.

"ನಿಮಗೆ ವಿಮಾನದ ಬಗ್ಗೆ ಎಂತ ಗೊತ್ತುಂಟು?" ಎಂದರು.

"ವಿಮಾನ ಗೊತ್ತಿಲ್ಲ ಸಾರ್. ಬೋಟು ಗೊತ್ತುಂಟು. ಎದುರುಬದುರಾದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗುವುದು."

ಅವರು ಹಾಳೆ ಮಡಚಿಕೊಂಡು ಹೋದರು. ಮರುದಿನ ಸಿ.ಡಿ. ತಂದುಕೊಟ್ಟು, ನೀವೂ ಸೇರಿ ಎಂದರು. ಮುದ್ರಣಾಲಯದ ಕೆಲಸ ಮನೆಗೂ ಒಯ್ಯುತ್ತಿದ್ದುದರಿಂದ ನನ್ನಲ್ಲಿ ಒಂದು ಕಂಪ್ಯೂಟರ್ ಇತ್ತು. ಒಂಬತ್ತನೆಯ ನಿಯಮ ತಿದ್ದಿದ್ದು ನಾನೆಂದು ಮಾತ್ರ ಅವರು ಯಾರಿಗೂ ಹೇಳಲಿಲ್ಲ.

ಇಷ್ಟೆಲ್ಲ ತಾತ್ಸಾರವಿದ್ದವಳು ಯಾಕೆ ಸೇರಿದೆ ಎಂದು ಕೇಳಬಹುದು. ಸೇರಿದ್ದು ಸುಮ್ಮನೆ, ನಗುವುದಕ್ಕೆ. ಆದರೆ ಮೂರನೆಯ ತಿಂಗಳಲ್ಲಿ ಟವರು ಒಂದು ಘೋಷಣೆ ಮಾಡಿದರು. ಯಾರು ಒಂದೂ ತಪ್ಪಿಲ್ಲದೆ ಹನ್ನೆರಡು ಹಾರಾಟ ಮುಗಿಸುತ್ತಾರೋ ಅವರಿಗೆ ತಿಂಗಳ ಎರಡನೆಯ ಭಾನುವಾರ ಟವರು ಬಿಟ್ಟುಕೊಡುವುದು. ಕೇಳಿದ ಕ್ಷಣದಿಂದ ನನಗೆ ಅದು ಬೇಕೆನಿಸಿತು. ನಾಚಿಕೆಗೆಟ್ಟು ಬೇಕೆನಿಸಿತು. ಆರು ವರ್ಷ ಇನ್ನೊಬ್ಬರ ಮಾತನ್ನೇ ಜೋಡಿಸಿದವಳು ನಾನು. ತಪ್ಪು ಕಂಡರೆ ಸಾರ್, ಇದು ಹೀಗಿರಬಹುದಾ ಎಂದು ಕುತ್ತಿಗೆ ಬಗ್ಗಿಸಿ ಕೇಳಿದವಳು. ಮೂವರು ಗಂಡಸರು ನನ್ನ ಜಾಗ ಇದು, ಈಗ ಎಂತ ಮಾಡಲಿ ಎಂದು ನನ್ನನ್ನು ಕೇಳಿ, ಹೇಳಿದಂತೆ ಮಾಡುವುದು, ಅದೂ ಟವರು ಒಬ್ಬ ಪೈಲಟ್ ಆಗಿ ಕೆಳಗೆ ಕೂತು ಕೇಳುವುದು! ಆ ಚಿತ್ರವನ್ನು ನೆನೆದುಕೊಂಡು ಬಸ್ಸಿನಲ್ಲಿ ಒಬ್ಬಳೇ ನಕ್ಕದ್ದುಂಟು. ಬ್ಯಾಂಕಿನವರು ನಾಲ್ಕನೆಯ ಹಾರಾಟಕ್ಕೇ ಎಡವಿದರು. ಜವಳಿಯವರು ಗಿರಾಕಿ ಬಂದರೆ ವಿಮಾನವನ್ನು ಆಕಾಶದಲ್ಲೇ ಬಿಟ್ಟು ಏಳುವವರು, ಅವರ ಲೆಕ್ಕವೇ ಇಲ್ಲ. ನನ್ನದು ಹನ್ನೊಂದು ಮುಗಿದಿತ್ತು.

ಇನ್ನು ನನ್ನ ಅಪ್ಪನ ಮಾತು ಹೇಳಬೇಕು. ತಾತ್ಸಾರ ನನಗೆ ಬಂದದ್ದೇ ಅವರಿಂದ.

ಅಪ್ಪ ಮೀನುಗಾರಿಕೆ ಬೋಟಿನ ತಂಡೇಲರಾಗಿದ್ದವರು. ತಂಡೇಲನೆಂದರೆ ಬೋಟಿನ ಯಜಮಾನಿಕೆ ಅವನದೇ, ಕಡಲಿನಲ್ಲಿ ಅವನ ಮಾತಿಗೆ ಎರಡನೆಯ ಮಾತಿಲ್ಲ. ಒಂದು ಮೊಣಕಾಲು ಮಡಚಲಾಗದೆ ಮನೆಯಲ್ಲಿ ಕೂತ ಮೇಲೆ, ಭಾನುವಾರ ನಾನು ಹಾರಿಸುವಾಗ ಅವರು ನನ್ನ ಹಿಂದೆ ಗೋಡೆಗೆ ಕುರ್ಚಿ ಒತ್ತಿಕೊಂಡು ಕೂರುತ್ತಿದ್ದರು. ತಲೆಯನ್ನು ಹಿಂದಕ್ಕೆ ಚಾಚುವುದು, ಕಣ್ಣು ಕಿರಿದು ಮಾಡುವುದು, ತುಟಿಯ ಒಂದು ಕೊನೆಯನ್ನು ಮೇಲಕ್ಕೆಳೆಯುವುದು. ಪೇಪರನ್ನೂ ಹಾಗೇ ನೋಡುತ್ತಿದ್ದರು, ಕರೆಂಟಿನ ಬಿಲ್ಲನ್ನೂ, ಔಷಧಿಯ ಚೀಟಿಯನ್ನೂ. ಪೇಪರು ಎಂದೂ ತಾವಾಗಿ ಓದಿದವರಲ್ಲ, ಕೆಲಸವಿಲ್ಲದವರು ಬರೆದದ್ದನ್ನು ಕೆಲಸವಿದ್ದವರು ಯಾಕೆ ಓದಬೇಕು ಎಂದು ನನ್ನ ಕೈಯಲ್ಲಿ ಓದಿಸುತ್ತಿದ್ದರು. ಆ ಗತ್ತು ನನಗೆ ಬಹಳ ಇಷ್ಟ. ಮುದ್ರಣಾಲಯದಲ್ಲಿ ಯಾರಾದರೂ ತಲೆಹರಟೆ ಮಾಡಿದರೆ ನಾನೂ ತಲೆ ಹಿಂದಕ್ಕೆ ಚಾಚಿ ಹಾಗೆಯೇ ನೋಡುತ್ತಿದ್ದೆ. ಅಪ್ಪನ ಮಗಳೇ ಎಂದು ಅಮ್ಮ ಬೈಯುತ್ತಿದ್ದಳು.

ಟವರಿಗೆ ನಾವು ಪದೇ ಪದೇ ಜಾಗ ಹೇಳುವುದನ್ನು ಕಂಡರೆ ಅಪ್ಪನಿಗೆ ಮೈ ಉರಿಯುತ್ತಿತ್ತು. ಬೋಟುಗಳಲ್ಲಿ ವಯರ್‌ಲೆಸ್ ಇರುತ್ತದೆ, ಆದರೆ ಅದರಲ್ಲಿ ಯಾವ ತಂಡೇಲನೂ ತನ್ನ ನಿಜವಾದ ಜಾಗ ಹೇಳುವುದಿಲ್ಲ. ಹೇಳಿದರೆ ಅರ್ಧ ಗಂಟೆಯಲ್ಲಿ ಹತ್ತು ಬೋಟು ಬಂದು ಅಲ್ಲೇ ಬಲೆ ಬಿಡುತ್ತವೆ. ಬಲೆ ಒಡೆಯುವಷ್ಟು ಬಂಗುಡೆ ಬಿದ್ದಿದ್ದರೂ ವಯರ್‌ಲೆಸ್ಸಿನಲ್ಲಿ ಹೇಳುವುದು ಒಂದೇ ಮಾತು: "ಮುಲ್ಪ ದಾಲ ಇಜ್ಜಿ." ಇಲ್ಲಿ ಏನೂ ಇಲ್ಲ. ತುಳು ಬಾರದ ಕೂಲಿಯವರೂ ಬೋಟು ಹತ್ತಿ ಮೊದಲು ಕಲಿಯುವ ಮಾತು ಅದು. ಜಾಗದ ಅಂಕೆ ತೋರಿಸುವ ಜಿ.ಪಿ.ಎಸ್. ಪೆಟ್ಟಿಗೆಯನ್ನು ತಂಡೇಲನ ಹೊರತು ಬೇರೆಯವರು ನೋಡುವ ಹಾಗೂ ಇರಲಿಲ್ಲ.

"ಊರಿಗೆಲ್ಲ ಕೇಳುವ ಹಾಗೆ ಯಾರಾದರೂ ಜಾಗ ಹೇಳ್ತಾರಾ ಮಾರಾಯ್ತಿ?" ಎನ್ನುತ್ತಿದ್ದರು ಅಪ್ಪ. "ನಾನು ಮೂವತ್ತು ವರ್ಷದಲ್ಲಿ ವಯರ್‌ಲೆಸ್ಸಿನಲ್ಲಿ ನಿಜ ಹೇಳಿದ್ದು ಒಂದೇ ದಿನ. ಅದರ ಫಲ ನೋಡು." ಎಂದು ಮೊಣಕಾಲಿಗೆ ತಟ್ಟಿಕೊಳ್ಳುತ್ತಿದ್ದರು.

ಆ ಒಂದು ದಿನ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ದಡ ಕಾಣದ ದೂರದಲ್ಲಿ ಬಲೆ ಎಳೆಯುವ ಹಗ್ಗ ತುಂಡಾಗಿ ಅಪ್ಪನ ಮೊಣಕಾಲಿಗೆ ಬಡಿಯಿತು. ಅದೇ ಹಗ್ಗ ಹೋಗಿ ಬೋಟಿನಡಿ ನೀರಿನಲ್ಲಿ ತಿರುಗುವ ಫ್ಯಾನಿಗೆ ಸುತ್ತಿ ಬೋಟೂ ನಿಂತಿತು. ಅಪ್ಪ ಬಿದ್ದಲ್ಲಿಂದಲೇ ವಯರ್‌ಲೆಸ್ಸಿನಲ್ಲಿ ತಮ್ಮನನ್ನು, ಅಂದರೆ ನನ್ನ ಚಿಕ್ಕಪ್ಪನನ್ನು, ಕರೆದು ಜಿ.ಪಿ.ಎಸ್.ನ ಅಂಕೆ ಹೇಳಿದರು. ಚಿಕ್ಕಪ್ಪನ ಬೋಟು ಗಂಟೆಯೊಳಗೆ ಬರಬಹುದಾದ ದೂರದಲ್ಲಿತ್ತು. ಅದು ಬಂದದ್ದು ನಾಲ್ಕು ಗಂಟೆಯ ಮೇಲೆ. ಬಲೆಯಲ್ಲಿ ಮೀನಿತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ ಅವನಿಗೆ ಎಂದರು ಅಪ್ಪ. "ಅಣ್ಣ ಹೇಳಿದ ಜಾಗಕ್ಕೇ ಹೋದೆ, ಅಲ್ಲಿ ಬೋಟು ಇರಲಿಲ್ಲ," ಎಂದರು ಚಿಕ್ಕಪ್ಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮನೆಯಲ್ಲಿ ನಾವು ಮೂವರೂ ನಕ್ಕೆವು. ಅಂದಿನಿಂದ ಅವರ ಮನೆಯ ನೀರೂ ನಮಗೆ ಬೇಡವಾಯಿತು. ಪೇಟೆಯಲ್ಲಿ ಎದುರಾದರೆ ನಾನು ಮುಖ ತಿರುಗಿಸುತ್ತಿದ್ದೆ.

ಚಿಕ್ಕಪ್ಪನನ್ನು ಹೀಯಾಳಿಸಲು ನಮ್ಮ ಮನೆಯಲ್ಲಿ ಇನ್ನೊಂದು ಸಾಮಾನೂ ಇತ್ತು. ಅವರೂ ತಂಡೇಲರೇ, ಆದರೆ ಕನ್ನಡಕ ಹಾಕಿಕೊಂಡು ಬೋಟು ನಡೆಸುತ್ತಿದ್ದರು, ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡು. ಕಾಪು ಕಡಪುರದಲ್ಲಿ, ಮೀನುಗಾರರು ಸೇರುವ ದಂಡೆಯಲ್ಲಿ, ಅದೊಂದು ತಮಾಷೆ. "ಕನ್ನಡಕದ ತಂಡೇಲ ಬಂದ, ಪಾಠ ಶುರು," ಎನ್ನುತ್ತಿದ್ದರು ಜನ. ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅಪ್ಪನ ಕಣ್ಣೇನು ಸಾಮಾನ್ಯದ್ದೇ? ದೀಪಸ್ತಂಭದ ಬಂಡೆಯ ಮೇಲೆ ನಿಂತು ದೂರದ ಬೋಟುಗಳನ್ನು ಇದು ಇಂಥವರದು, ಅದು ಇಂಥವರದು ಎಂದು ಗುರುತಿಸುವ ಕಣ್ಣು.

ನನ್ನ ಹನ್ನೆರಡನೆಯ ಹಾರಾಟ ಗೋವಾದಿಂದ ಬಜಪೆಗೆ. ನಾನು ಆರು ಸಾವಿರ ಅಡಿಯಲ್ಲಿ ಕಡಲ ಅಂಚು ಹಿಡಿದು ಬರುವುದು, ಕುಂದಾಪುರ ಮುಟ್ಟಿದಾಗ ಟವರಿಗೆ ಹೇಳುವುದು. ಅಲ್ಲಿಯವರೆಗೆ ಬ್ಯಾಂಕಿನವರು ಕಾಪು ದೀಪಸ್ತಂಭದ ಮೇಲೆ, ಅವರೂ ಆರು ಸಾವಿರ ಅಡಿಯಲ್ಲೇ, ಗಿರಕಿ ಹೊಡೆಯುತ್ತಾ ಕಾಯುವುದು. ಕಾಪುವಿನಿಂದ ಬಜಪೆಗೆ ಹದಿನೆಂಟು ಮೈಲಿ ಎಂದು ಟವರಿನ ನಕ್ಷೆ. ವಿಮಾನ ತನ್ನಷ್ಟಕ್ಕೆ ಹೋಗುವ ಹಾಗೆ ಗುಂಡಿ ಒತ್ತಿ ನಾನು ಕೂತಿದ್ದೆ. ಎದುರಿಗೆ ಹೊನ್ನಾವರದ ಕಡಲು, ಪರದೆಯ ಮೂಲೆಯ ಪುಟ್ಟ ಪೆಟ್ಟಿಗೆಯಲ್ಲಿ ಬಜಪೆಗೆ ಉಳಿದ ಮೈಲಿಗಳ ಅಂಕೆ.

ಆಗ ಹೊರಗೆ ನಿಜವಾದ ಆಕಾಶ ಕಪ್ಪಾಯಿತು. ಅಂಗಳದಲ್ಲಿ ಒಂದು ವಾರದ ಮೀನು ಒಣಗಲು ಹಾಕಿತ್ತು. ಹನಿ ಬೀಳುವ ಮೊದಲು ಎತ್ತದಿದ್ದರೆ ಅಷ್ಟೂ ಹುಳು ಬಿದ್ದು ಹೋಗುತ್ತದೆ. ಅಮ್ಮ ಹೊರಗಿನಿಂದ ಕೂಗಿದಳು. ಓಡುವ ಕಾಲು ಮನೆಯಲ್ಲಿ ನನ್ನದು ಮತ್ತು ಅವಳದು ಮಾತ್ರ. "ಅಪ್ಪ, ಇಲ್ಲಿ ಕೂತುಕೊಳ್ಳಿ. ಎಂತದೂ ಮುಟ್ಟಬೇಡಿ. ಕೇಳಿದರೆ ಸ್ಟ್ಯಾಂಡ್‌ಬೈ ಅನ್ನಿ, ಕಾಯಿರಿ ಅಂತ ಅರ್ಥ, ಅಷ್ಟು ಸಾಕು," ಎಂದು ಮೈಕು ಅವರ ಮುಂದಿಟ್ಟು ಓಡಿದೆ.

ಮೂವತ್ತು ವರ್ಷ ಬೋಟು ನಡೆಸಿದ ಮನುಷ್ಯ ಸ್ಟ್ಯಾಂಡ್‌ಬೈ ಎನ್ನುತ್ತಾರೆಯೇ! ಟಾರ್ಪಾಲಿನ ನಾಲ್ಕು ಮೂಲೆ ಮಡಚಿ, ಮೀನಿನ ನಾತ ಹೊತ್ತುಕೊಂಡು ನಾನು ಬಾಗಿಲಿಗೆ ಬರುವಾಗ ಸ್ಪೀಕರಿನಲ್ಲಿ ಟವರಿನ ದನಿ ಕೇಳುತ್ತಿತ್ತು.

"ಯಾರು ಮಾತನಾಡುವುದು?"

"ತಂಡೇಲ," ಎಂದರು ಅಪ್ಪ.

"ನಿಮ್ಮ ಜಾಗ ಇನ್ನೊಮ್ಮೆ ಹೇಳಿ."

"ಎಷ್ಟು ಸಲ ಹೇಳುವುದು? ಬಜಪೆಗೆ ಹದಿನೆಂಟು ಮೈಲಿ. ಹದಿನೆಂಟು!"

ನಾನು ಓಡಿಹೋಗಿ ಮೈಕು ಕಿತ್ತುಕೊಂಡೆ. ಪರದೆಯಲ್ಲಿ ಇದ್ದದ್ದು ಎಪ್ಪತ್ತೆಂಟು. ಹೊನ್ನಾವರ ದಾಟಿರಲಿಲ್ಲ. "ಟವರ್, ತಿದ್ದುಪಡಿ, ಎಪ್ಪತ್ತೆಂಟು," ಎಂದೆ.

"ತಡವಾಯಿತು," ಎಂದರು ಟವರು. "ಏಳನೆಯ ನಿಯಮ. ಪೈಲಟ್ ಹೇಳಿದ ಜಾಗವನ್ನು ಹೇಳಿದಂತೆಯೇ ನಂಬತಕ್ಕದ್ದು. ನಾನು ಕಾಯಿ ಸರಿಸಿ ಆಗಿದೆ. ನೀವೂ ಕಾರ್ಕಳದವರೂ ಕಾಪುವಿನ ಮೇಲೆ ಡಿಕ್ಕಿಯಾಗಿದ್ದೀರಿ. ಇಬ್ಬರೂ ಸತ್ತಿದ್ದೀರಿ. ಸತ್ತವರು ಮಾತನಾಡುವ ಹಾಗಿಲ್ಲ."

"ಸಾರ್, ಸತ್ತಿದ್ದರೆ ಒಂದು ಚಾ ಕುಡಿದು ಬರಬಹುದಾ?" ಎಂದರು ಬ್ಯಾಂಕಿನವರು.

ಹೊನ್ನಾವರದಿಂದ ಕಾಪುವಿಗೆ ಐದು ನಿಮಿಷದಲ್ಲಿ ಯಾವ ವಿಮಾನ ಬರುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ಆ ತಲೆಗೆ ಇರಲಿಲ್ಲ. ಊಟದ ಮೇಜಿನ ಮೇಲೆ ಕೆಂಪು ಕಾಯಿಯನ್ನು ಬಿಳಿ ಕಾಯಿಯ ಮೇಲೆ ಇಟ್ಟು ನಮ್ಮಿಬ್ಬರನ್ನು ಕೊಂದ ಮಹಾನುಭಾವ! ಆದರೆ ನನ್ನ ಸಿಟ್ಟು ಆಗ ಅವರ ಮೇಲೆ ಇರಲಿಲ್ಲ.

"ಇದರಲ್ಲೂ ಸುಳ್ಳು ಹೇಳಿದಿರಾ ಅಪ್ಪ? ಇಲ್ಲಿ ಯಾವ ಮೀನು ಉಂಟು ಮುಚ್ಚಿಡಲಿಕ್ಕೆ? ನನ್ನ ಹನ್ನೆರಡು ವಾರ ಹಾಳು ಮಾಡಿದಿರಿ!"

"ನಾನೆಂತಕ್ಕೆ ಸುಳ್ಳು ಹೇಳಲಿ? ಇದ್ದದ್ದನ್ನೇ ಹೇಳಿದ್ದು," ಎಂದರು ಅಪ್ಪ. ಅವರಿಗೂ ಸಿಟ್ಟು ಬಂದಿತ್ತು. "ಹದಿನೆಂಟು ಅಂತ ಬರೆದುಂಟು, ಹದಿನೆಂಟು ಅಂದೆ."

"ಎಲ್ಲಿ ಬರೆದುಂಟು? ಓದಿ ನೋಡುವ!"

ಅಪ್ಪ ಪರದೆಯ ಕಡೆ ತಿರುಗಿದರು. ತಲೆಯನ್ನು ಹಿಂದಕ್ಕೆ ಚಾಚಿದರು, ಕಣ್ಣು ಕಿರಿದು ಮಾಡಿದರು, ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಅಂಕೆ ಎಪ್ಪತ್ತಾರಕ್ಕೆ ಇಳಿದಿತ್ತು. "ಹದಿನೆಂಟು," ಎಂದರು ಅಪ್ಪ. ಕೆಳಗಿನ ಎತ್ತರದ ಅಂಕೆ ತೋರಿಸಿದೆ. ಆರು ಸಾವಿರವನ್ನು ಎಂಟು ಸಾವಿರ ಎಂದರು. ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ದೂಡಿ, ಕುತ್ತಿಗೆಯನ್ನು ಇನ್ನಷ್ಟು ಚಾಚಿ, "ಅಲ್ಲ, ಮೂರು," ಎಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಾನು ಗತ್ತು ಎಂದುಕೊಂಡಿದ್ದು, ಕನ್ನಡಿಯ ಮುಂದೆ ನಿಂತು ಕಲಿತದ್ದು ಇದನ್ನು. ಹತ್ತಿರದ ಅಕ್ಷರ ಕಾಣದ ಒಬ್ಬ ಮನುಷ್ಯ ಅದನ್ನು ಕಣ್ಣಿನಿಂದ ದೂರ ಮಾಡಿಕೊಳ್ಳುವ ಪರದಾಟ. ಪೇಪರು ಓದದಿದ್ದುದು ಅದಕ್ಕೆ. ಕರೆಂಟಿನ ಬಿಲ್ಲನ್ನು ಹೀನಾಯವಾಗಿ ನೋಡಿದ್ದು ಅದಕ್ಕೆ. ನಲವತ್ತು ದಾಟಿದ ಯಾರಿಗಾದರೂ ಬರುವಂಥದ್ದು, ಪೇಟೆಯ ಅಂಗಡಿಯಲ್ಲಿ ಸಿಗುವ ಒಂದು ಕನ್ನಡಕದಲ್ಲಿ ಮುಗಿಯುವಂಥದ್ದು.

ಮತ್ತೆ ತಡೆದುಕೊಳ್ಳಲಾಗದೆ ಕೇಳಿದೆ. "ಅಪ್ಪ, ಆ ದಿನ ಚಿಕ್ಕಪ್ಪನಿಗೆ ಅಂಕೆ ಓದಿ ಹೇಳಿದ್ದು ಯಾರು?"

"ನಾನಲ್ಲದೆ ಮತ್ತೆ ಯಾರು? ತಂಡೇಲ ನಾನು," ಎಂದರು ಅಪ್ಪ. ಹೇಳಿ ಮುಗಿಸಿದವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಮೊಣಕಾಲನ್ನು ನೋಡಿದರು. "ಮೀನು ಒದ್ದೆಯಾಯಿತಾ?" ಎಂದು ಕೇಳಿದರು. ಇಲ್ಲ ಎಂದೆ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮುಂದಿನ ಭಾನುವಾರದಿಂದ ನನ್ನ ಹಿಂದಿನ ಕುರ್ಚಿ ಖಾಲಿ.

ಟವರು ಲಿಖಿತ ವಿವರಣೆ ಕೇಳಿದರು. ಜಾಗವನ್ನು ತಪ್ಪಾಗಿ ಹೇಳಿದವರು ಯಾರು, ಯಾಕೆ ಹೇಳಿದರು. ಬೇರೊಬ್ಬರು ಮೈಕಿನಲ್ಲಿದ್ದರು, ಅದು ನನ್ನ ತಪ್ಪಲ್ಲ ಎಂದು ಸಾಧಿಸಿದರೆ ಹನ್ನೆರಡನೆಯ ಹಾರಾಟ ಇನ್ನೊಮ್ಮೆ ಮಾಡಲು ಬಿಡುತ್ತೇನೆ ಎಂದೂ ಹೇಳಿದ್ದರು. ಎರಡು ಸಾಲು ಸಾಕಿತ್ತು: ಮೈಕಿನಲ್ಲಿದ್ದದ್ದು ನನ್ನ ತಂದೆ, ಅವರಿಗೆ ಅಂಕೆ ಕಾಣುವುದಿಲ್ಲ. ಆ ವಾಕ್ಯವನ್ನು ಜೋಡಿಸಿ ನೋಡಿದೆ ಕೂಡ. ಆ ಮನುಷ್ಯ ಅದನ್ನು ಭಾನುವಾರ ಎಲ್ಲರಿಗೂ ಕೇಳುವಂತೆ ಓದಿಹೇಳುತ್ತಾರೆ, ಬ್ಯಾಂಕಿನವರು ಕಾರ್ಕಳದಲ್ಲಿ ಹತ್ತು ಜನರಿಗೆ ತಮಾಷೆಯಾಗಿ ಹೇಳುತ್ತಾರೆ, ಕಾರ್ಕಳದಿಂದ ಬೆಳ್ಮಣ್, ಬೆಳ್ಮಣ್ಣಿನಿಂದ ಕಾಪು, ಬಸ್ಸಿನಷ್ಟು ಹೊತ್ತೂ ಬೇಡ ಮಾತಿಗೆ. ಅಳಿಸಿದೆ. ಮೈಕಿನಲ್ಲಿ ನಮ್ಮ ಮನೆಗೆ ಬಂದ ಒಬ್ಬ ನೆಂಟರಿದ್ದರು, ಅಂಕೆ ಓದಿ ಅವರಿಗೆ ಹೇಳಿದವಳು ನಾನೇ, ಏಳನ್ನು ಒಂದು ಎಂದು ಓದಿದೆ, ತಪ್ಪು ನನ್ನದು ಎಂದು ಬರೆದು ಕಳಿಸಿದೆ. ನನಗೆ ಸಿಗಬೇಕಿದ್ದ ಟವರು ಹೋಯಿತು. ಅಳು ಬಂತೇ ಎಂದರೆ, ಹೌದು, ಅತ್ತುಬಿಟ್ಟೆ.

ಮೂರು ವಾರದ ಮೇಲೆ ಆ ಮಹಾಶಯರು ಮತ್ತೆ ಮುದ್ರಣಾಲಯಕ್ಕೆ ಬಂದರು. ಪುಸ್ತಕಕ್ಕೆ ಇಪ್ಪತ್ತೆರಡನೆಯ ನಿಯಮ ಸೇರಬೇಕು, ಹಾಳೆ ಬಿಚ್ಚಿ ಮತ್ತೆ ರಟ್ಟು ಕಟ್ಟಬೇಕು. ಜೋಡಿಸಲು ನನಗೇ ಕೊಟ್ಟರು. "ದೃಷ್ಟಿಯಲ್ಲಿ ಸಂಶಯವಿರುವ ಪೈಲಟ್ ಕಣ್ಣಿನ ತಪಾಸಣೆಯ ಪತ್ರವನ್ನು ಹಾಜರುಪಡಿಸತಕ್ಕದ್ದು."

"ಅಕ್ಷರ ಸ್ವಲ್ಪ ದೊಡ್ಡದು ಮಾಡಲಾ ಸಾರ್?" ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಆ ನಿಯಮವನ್ನು ಒಂದೂ ತಪ್ಪಿಲ್ಲದೆ ಜೋಡಿಸಿ ಕೊಟ್ಟೆ. ಮಂಡಳಿ ಬಿಟ್ಟೆ. ಆಟವನ್ನು ಕಂಪ್ಯೂಟರಿನಿಂದ ತೆಗೆದುಹಾಕಿದೆ.

ಅದೇ ದಿನ ಸಂಜೆ ಉಡುಪಿಯ ಒಂದು ಅಂಗಡಿಯಲ್ಲಿ ಓದುವ ಕನ್ನಡಕ ತೆಗೆದುಕೊಂಡೆ. ವಯಸ್ಸು ಹೇಳಿದರೆ ಸಾಕು, ಅಂದಾಜಿಗೆ ಕೊಡುತ್ತಾರೆ. ಕಾಪುವಿನ ಬಸ್ಸಿನಲ್ಲಿ ಅದರ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಇದನ್ನು ಅಪ್ಪನಿಗೆ ಯಾವ ಬಾಯಿಂದ ಕೊಡಲಿ ಎಂದು ಯೋಚಿಸುತ್ತಿದ್ದೆ. ಬಸ್ಸು ಹೊರಡುವಾಗ ಬಲೆಯ ಸಾಮಾನಿನ ಚೀಲ ಹಿಡಿದುಕೊಂಡು ಚಿಕ್ಕಪ್ಪ ಹತ್ತಿದರು. ಖಾಲಿ ಇದ್ದದ್ದು ನನ್ನ ಪಕ್ಕದ ಸೀಟು ಮಾತ್ರ. ಕೂರಬಹುದೇ ಎಂಬಂತೆ ನೋಡಿದರು. ನಾನು ಸರಿದು ಕೂತೆ. ಕನ್ನಡಕ ದಾರದಲ್ಲಿ ಅವರ ಎದೆಯ ಮೇಲೆ ನೇತಾಡುತ್ತಿತ್ತು.

ಬಸ್ಸು ಕಟಪಾಡಿ ದಾಟಿತು. ಆಮೇಲೆ ಅವರೇ ಕೇಳಿದರು. "ಅಣ್ಣನ ಕಾಲು ಹೇಗುಂಟು?"

"ಹಾಗೇ ಉಂಟು."

"ನನ್ನ ವಿಷಯ ಎಂತಾದರೂ ಹೇಳ್ತಾನಾ?" ಚೀಲವನ್ನು ಕಾಲ ಬಳಿಗೆ ಎಳೆದುಕೊಂಡು ಮತ್ತೆ, "ನಾನು ಅವ ಹೇಳಿದಲ್ಲಿಗೇ ಹೋದದ್ದು ಮಗಾ. ನಾಲ್ಕು ಗಂಟೆ ಹುಡುಕಿದೆ. ಯಾರೂ ನಂಬುವುದಿಲ್ಲ," ಎಂದರು.

ನಾನು ನಂಬುತ್ತೇನೆ ಎಂದು ಹೇಳಬೇಕಿತ್ತು. ಈ ಊರಿನಲ್ಲಿ ಅದನ್ನು ಹೇಳಬಲ್ಲವಳು ನಾನೊಬ್ಬಳೇ ಆಗಿದ್ದೆ. ಬಾಯಿಗೆ ಬಂದದ್ದು ಬೇರೆ. "ದಾಲ ಇಜ್ಜಿ," ಎಂದೆ. ಏನೂ ಇಲ್ಲ, ಏನೂ ಹೇಳುವುದಿಲ್ಲ.

ಚಿಕ್ಕಪ್ಪ ತಲೆಯಾಡಿಸಿದರು. ಆಮೇಲೆ ನನ್ನ ಮಡಿಲಿನ ಡಬ್ಬಿ ನೋಡಿದರು. ತಮ್ಮ ಕನ್ನಡಕವನ್ನು ಏರಿಸಿಕೊಂಡು ಇನ್ನೊಮ್ಮೆ ನೋಡಿದರು.

"ಯಾರಿಗೆ ಅದು?"

"ನನಗೆ."

"ಇಷ್ಟು ಸಣ್ಣ ಪ್ರಾಯಕ್ಕೆ?" ಎಂದು ಅವರು ನನ್ನ ಕಣ್ಣನ್ನೇ ನೋಡತೊಡಗಿದರು. ನಾನು ತಲೆಯನ್ನು ಹಿಂದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ, ಕಿಟಕಿಯ ಹೊರಗೆ ನೋಡಿದೆ.